ಹತ್ತು ನಿಮಿಷಕ್ಕೆ ಇಟ್ಟ ರೀಬೂಟ್

ನವೆಂಬರ್ 26, ಬುಧವಾರ, ಬೆಳಿಗ್ಗೆ 10:40. ಜಮಖಂಡಿಯ ನಮ್ಮ ಕಚೇರಿಯಲ್ಲಿ ಕುಳಿತೇ, ಹೊಳೆಯ ಕಡೆಯ ಸಕ್ಕರೆ ಕಾರ್ಖಾನೆಯೊಂದರ ತೂಕದ ಕಂಪ್ಯೂಟರಿಗೆ ಟರ್ಮಿನಲ್‌ನಿಂದ ಲಾಗಿನ್ ಆದೆ. ಹೊರಗಿನವರನ್ನು ತಡೆಯುವ ಫೈರ್‌ವಾಲ್ ನಿಯಮವನ್ನು ಬಿಗಿ ಮಾಡಬೇಕಿತ್ತು.

ದೂರದ ಯಂತ್ರದಲ್ಲಿ ಈ ಕೆಲಸ ಮಾಡುವ ಮೊದಲು, ಹತ್ತು ನಿಮಿಷದಲ್ಲಿ ಅದು ತಾನೇ ರೀಬೂಟ್ ಆಗುವಂತೆ ಆದೇಶ ಕೊಟ್ಟಿಡುವುದು ನನ್ನ ರೂಢಿ. ನಿಯಮ ತಪ್ಪಿ ನಾನೇ ಹೊರಗುಳಿದರೂ, ರೀಬೂಟ್ ಆದಾಗ ಹಳೆಯ ನಿಯಮ ಮರಳುತ್ತದೆ. ಎಲ್ಲ ಸರಿಯಾಗಿದ್ದರೆ ಆದೇಶ ರದ್ದು ಮಾಡಿದರಾಯಿತು.

10:43ಕ್ಕೆ ಆದೇಶ ಕೊಟ್ಟು, ನಿಯಮ ಟೈಪ್ ಮಾಡಿ ಎಂಟರ್ ಒತ್ತಿದೆ. ಪರದೆ ಸ್ತಬ್ಧವಾಯಿತು. ನಿಯಮದಲ್ಲಿ ಬರೆದ ನಮ್ಮ ಕಚೇರಿಯ ಐಪಿ ವಿಳಾಸದಲ್ಲಿ ಒಂದು ಅಂಕಿ ತಪ್ಪಿ, ನಾನೇ ಹೊರಗುಳಿದಿದ್ದೆ. ಆದರೂ ಗಾಬರಿಯಾಗದೆ, ಹೇಳಿಡೋಣವೆಂದು ಅಲ್ಲಿನ ತೂಕದ ಗುಮಾಸ್ತರಿಗೆ ಫೋನ್ ಮಾಡಿದೆ.

“ಕಾಕಾ, ಸ್ವಲ್ಪ ಹೊತ್ತಿನಾಗ ಕಂಪ್ಯೂಟರ್ ಬಂದ್ ಆಗಿ ಮತ್ತ ಚಾಲೂ ಆಕ್ಕೈತಿ. ಅಂಜಬ್ಯಾಡ್ರಿ.”

“ಬಂದ್? ಏನ್ ಮಾಡೀಬೇ ತಂಗಿ! ಮೂರ್ ಟ್ರ್ಯಾಕ್ಟರ್ ತುಂಬಿದ ತೂಕಾ ಆಗಿ ಒಳಗ ಹೋಗ್ಯಾವ. ಖಾಲಿ ಆಗಿ ಬಂದು ಮತ್ತ ತೂಗಿದ ಮ್ಯಾಲ ಅಷ್ಟ ಸೇವ್ ಆಕ್ಕೈತಿ.”

“ತೂಕಾ ಬರ್ಕೊಂಡಿಲ್ಲೇನ್ರಿ?”

“ಕಂಪ್ಯೂಟರ್ ಬಂದಾಗಿಂದ ಯಾರ್ ಬರ್ಕೊಂತಾರಬೇ?”

ಅವರ ಹಿಂದಿನಿಂದ ಮತ್ತೊಂದು ದನಿ ಕೇಳಿಸಿತು. ಅದು ರನ್ನ ಬೆಳಗಲಿ ಊರಿನ ರೈತರೊಬ್ಬರದು; ಒಳಗೆ ಹೋದ ಒಂದು ಗಾಡಿ ಅವರದೇ.

“ನನ್ ಕಬ್ಬ ಆಗ್ಲೇ ಅರದ ಹೋತ್ರಿ! ಇನ್ ಏನ್ ತೂಗ್ತೀರಿ, ಸಿಪ್ಪಿ ತೂಗ್ತೀರೇನು?”

“ಅದನ್ನ ನಿಲ್ಸಬೇ ಮೊದ್ಲ!” ಎಂದರು ಕಾಕಾ.

“ನಾನ ಹೊರಗ ಉಳದೇನ್ರಿ ಕಾಕಾ, ಹೆಂಗ ನಿಲ್ಸಲಿ?”

ಹಾಗೆ ಹೇಳುವಾಗಲೇ ಗೇಟಿನ ಕಂಪ್ಯೂಟರ್ ನೆನಪಾಯಿತು. ಅದನ್ನೂ ನಾನೇ ದೂರದಿಂದ ನೋಡಿಕೊಳ್ಳುವುದು, ಅದೂ ಕಾರ್ಖಾನೆಯ ಒಳಜಾಲದಲ್ಲಿದೆ. ಒಳಗಿನ ವಿಳಾಸಗಳನ್ನು ನನ್ನ ನಿಯಮ ತಡೆದಿರಲಿಲ್ಲ. ಮೊದಲು ಅದಕ್ಕೆ ಲಾಗಿನ್ ಆಗಿ, ಅಲ್ಲಿಂದ ತೂಕದ ಕಂಪ್ಯೂಟರಿಗೆ ದಾಟಲು ನೋಡಿದೆ. ಪಾಸ್‌ವರ್ಡ್ ತಪ್ಪಿತು. ಬೆರಳು ಒರೆಸಿಕೊಂಡು ಒಂದೊಂದೇ ಅಕ್ಷರ ಒತ್ತಿದೆ. ತೆರೆಯಿತು.

sudo shutdown -c

ರೀಬೂಟ್ ಆದೇಶ ರದ್ದಾಯಿತು. ಗಡಿಯಾರದಲ್ಲಿ 10:51, ಎರಡೇ ನಿಮಿಷ ಉಳಿದಿತ್ತು. ಫೋನ್ ಕಿವಿಯಲ್ಲೇ ಇತ್ತು. ಖಾಲಿ ಟ್ರ್ಯಾಕ್ಟರ್ ತೂಕಕ್ಕೆ ಏರುವ ಸದ್ದು, ಆಮೇಲೆ ಕಾಕಾ: “ತುಂಬಿದ ತೂಕಾ ತೋರ್ಸಾಕತ್ತೈತಿ ನೋಡು.”

“ಚೀಟಿ ಕೈಗಿ ಬರೂತನಕಾ ನಾ ಅಲಗಾಡೂದಿಲ್ರಿ” ಎಂದರು ಆ ರೈತರು. ಚೀಟಿ ಹರಿಯುವ ಸದ್ದು ಕೇಳಿದ ಮೇಲೆಯೇ ನಾನು ಫೋನ್ ಇಟ್ಟೆ.

ಗೇಟಿನ ಕಂಪ್ಯೂಟರ್ ಇಲ್ಲದ ಕಡೆ ಏನು ಮಾಡುತ್ತಿದ್ದೆನೋ ತಿಳಿಯದು. ತಪ್ಪು ನಿಯಮವನ್ನು ಅಂದೇ ತೆಗೆದು ಹಳೆಯದನ್ನು ಮರಳಿಸಿದೆ; ಅದನ್ನು ಇನ್ನೂ ಬಿಗಿ ಮಾಡಿಲ್ಲ. ಯಂತ್ರವನ್ನು ರೀಬೂಟ್ ಮಾಡದೆ, ಫೈರ್‌ವಾಲ್ ಅನ್ನಷ್ಟೇ ತಾನಾಗಿ ಹಿಂದಿನ ಸ್ಥಿತಿಗೆ ತರುವ ನಂಬಿಕೆಯ ದಾರಿ ಯಾರಿಗಾದರೂ ಗೊತ್ತಿದ್ದರೆ, ದಯವಿಟ್ಟು ನನಗೆ ಬರೆಯಿರಿ.