ಕೊನೆಗೆ ಉಣ್ಣುವವರು

ಮಕ್ಕಳೇ, ಕೊಲ್ಲಿ ದೇಶದ ಸಾಲ್ಮಿಯಾದಲ್ಲಿ ನಮ್ಮ ಎದುರುಮನೆಯ ಯಜಮಾನರು ಐವತ್ತು ದಾಟಿದರೂ ಊರಲ್ಲಿ ಓದಿದ ಹಾಸ್ಟೆಲ್‌ನ ನಂಟು ಬಿಟ್ಟಿರಲಿಲ್ಲ. ಅಲ್ಲಿ ಹಿರಿಯರು ಕೊನೆಗೆ ಉಣ್ಣಬೇಕಂತೆ. ಹಾಸ್ಟೆಲ್ ಡೇ ದಿನ ನಮ್ಮಲ್ಲಿಗೆ ಊಟಕ್ಕೆ ಬಂದವರು, ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಚುಚ್ಚಿಕೊಂಡು, ವಿಡಿಯೊ ಕಾಲ್‌ನಲ್ಲಿ ಅಲ್ಲಿನ ಪಂಕ್ತಿ ನೋಡುತ್ತ ಕೂತರು.

“ರೊಟ್ಟಿ ಮೆತ್ತಗಾಯ್ತು ಮಾರಾಯ್ರೆ, ಊಟ ಮಾಡಿ.”

“ಮಕ್ಕಳದ್ದು ಆಗಲಿ ಅಕ್ಕ. ನಮ್ಮ ಹಾಸ್ಟೆಲಲ್ವಾ?” ಯಾವಾಗಲೂ ಅದೇ ಮಾತು.

ಸಕ್ಕರೆ ಇಳಿದು ಅವರು ಬೆವರತೊಡಗಿದರು. ಗಂಡಸರೆದುರು ದನಿಯೇರಿಸದ ನಾನು ಫೋನ್ ಕಿತ್ತುಕೊಂಡೆ. “ಬೇಗ ಉಣ್ಣಿ ಮಕ್ಕಳೇ, ಇವರು ಇಂಜೆಕ್ಷನ್ ತಗೊಂಡು ಹಸಿದು ಕೂತಿದ್ದಾರೆ.”

ಹುಡುಗರೆಲ್ಲ ಎಲೆಯಿಂದ ಕೈ ತೆಗೆದರು. “ಮೊದಲು ಅಣ್ಣ ಊಟ ಮಾಡ್ಲಿ.”

ಅಲ್ಲಿ ಊಟ ನಿಂತಿತು, ಇಲ್ಲಿ ಶುರುವೇ ಆಗಲಿಲ್ಲ. ನಾನು ತಟ್ಟೆಯನ್ನು ಅವರ ಎದೆಗೆ ತಾಗುವಷ್ಟು ತಳ್ಳಿದೆ.

“ನಮ್ಮ ರೂಲ್ ಮುರಿದಿರಲ್ಲ ಅಕ್ಕ,” ಎಂದು ಗೊಣಗುತ್ತಲೇ ಅವರು ಮೂರನೆಯ ರೊಟ್ಟಿಗೆ ಕೈ ಚಾಚಿದರು.