ಪೆಟ್ಟಿಗೆಯ ಮೇಲಿನ ನಾಲ್ಕನೆಯ ಸಾಲು

ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರಿನಲ್ಲಿ. ನಾನು ಹೇಳಹೊರಟಿರುವುದು ಅದಾದ ಮೇಲಿನ ಎರಡನೆಯ ಬೇಸಿಗೆಯ ಸಂಗತಿ. ಆಗ ನಾನು ಬೀದರಿನ ಒಂದು ಆಸ್ಪತ್ರೆಯಲ್ಲಿ ಲ್ಯಾಬೊರೇಟರಿ ಟೆಕ್ನೀಷಿಯನ್ ಆಗಿದ್ದೆ. ವಯಸ್ಸು ಇಪ್ಪತ್ತಾರು. ಕೆಲಸಕ್ಕೆ ಸೇರಿದಾಗ ನಮ್ಮ ರಿಜಿಸ್ಟರುಗಳೆಲ್ಲ ಉರ್ದುವಿನಲ್ಲಿದ್ದವು. ರಾಜ್ಯ ಬದಲಾದ ಮೇಲೆ ಫಾರಂಗಳು ಇಂಗ್ಲಿಷಿನಲ್ಲಿ ಬರತೊಡಗಿದವು, ಗೋಡೆಯ ಮೇಲಿನ ಸೂಚನೆಗಳು ಕನ್ನಡಕ್ಕೆ ತಿರುಗಿದವು. ನನಗೆ ಮೊದಲಿನಿಂದಲೂ ದುಂಡಗೆ ಬರೆಯುವ ಹುಚ್ಚು. ಹಾಗಾಗಿ ಆ ಸೂಚನೆಗಳನ್ನು ಬರೆಯುವ ಕೆಲಸವೂ ನನ್ನ ಕೊರಳಿಗೇ ಬಿತ್ತು, ನಾನೂ ಅದನ್ನು ಸಂತೋಷದಿಂದಲೇ ಕಟ್ಟಿಕೊಂಡೆ.

ಇಂದಿನ ಓದುಗರಿಗೆ ರಕ್ತ ಎಂದರೆ ಪ್ಲಾಸ್ಟಿಕ್ ಚೀಲ ನೆನಪಾಗುತ್ತದೆ. ನಮ್ಮದು ಗಾಜಿನ ಬಾಟಲಿಗಳ ಕಾಲ. ಬಾಟಲಿಯೊಳಗೆ ರಕ್ತ ಹೆಪ್ಪುಗಟ್ಟದಂತೆ ಸಿಟ್ರೇಟ್ ದ್ರಾವಣ ಹಾಕಿ, ಕುದಿಸಿ ಶುದ್ಧ ಮಾಡಿದ ರಬ್ಬರ್ ಕೊಳವೆ ಜೋಡಿಸಿ, ದಾನಿಯ ತೋಳಿನಿಂದ ರಕ್ತ ಇಳಿಸಿಕೊಳ್ಳುತ್ತಿದ್ದೆವು. ಅದಕ್ಕೂ ಮೊದಲು ಗ್ರೂಪ್ ನೋಡಬೇಕು. ಗ್ರೂಪ್ ಒಂದೇ ಆದರೂ ಸಾಲದು, ದಾನಿಯ ರಕ್ತಕಣಗಳನ್ನು ರೋಗಿಯ ಸೀರಮ್ಮಿನ, ಅಂದರೆ ರಕ್ತದ ತಿಳಿಯ, ಜೊತೆ ಬೆರೆಸಿ ನೋಡಬೇಕು. ಕಣಗಳು ಗಂಟುಕಟ್ಟಿದರೆ ಆ ರಕ್ತ ಆ ರೋಗಿಗೆ ವಿಷ. ಇದೇ ಕ್ರಾಸ್ ಮ್ಯಾಚಿಂಗ್. ಆಮೇಲೆ ಬಾಟಲಿಯನ್ನು ಎರಡರಿಂದ ಆರು ಡಿಗ್ರಿಯ ತಂಪಿನಲ್ಲಿ ಇಡಬೇಕು. ನಮ್ಮಲ್ಲಿ ಇದ್ದದ್ದು ಸೀಮೆಎಣ್ಣೆಯಿಂದ ನಡೆಯುವ ಒಂದು ರೆಫ್ರಿಜರೇಟರು. ಅದರ ಬತ್ತಿಯನ್ನು ಕೂಸನ್ನು ನೋಡಿಕೊಂಡ ಹಾಗೆ ನೋಡಿಕೊಳ್ಳುತ್ತಿದ್ದೆ.

ಊರಾಚೆ ರಕ್ತ ಒಯ್ಯಲು ನಾನೇ ಮುಂದೆ ನಿಂತು ಒಂದು ಪೆಟ್ಟಿಗೆ ಮಾಡಿಸಿದ್ದೆ. ಹೊರಗೆ ಕಟ್ಟಿಗೆ, ಒಳಗೆ ತಗಡು, ನಡುವೆ ಒತ್ತಿ ತುಂಬಿದ ಕಟ್ಟಿಗೆಯ ಹೊಟ್ಟು. ಒಳಗೆ ಬಾಟಲಿ ನಿಲ್ಲಲು ತಂತಿಯ ಪಂಜರ, ಸುತ್ತಲೂ ಮಂಜುಗಡ್ಡೆಗೆ ಜಾಗ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಮೂರು ಸಾಲು ಬರೆದಿದ್ದೆ: ಬಾಟಲಿಯನ್ನು ಅಲುಗಿಸಬಾರದು. ಪೆಟ್ಟಿಗೆಯನ್ನು ಬಿಸಿಲಿನಲ್ಲಿ ಇಡಬಾರದು. ಮಂಜುಗಡ್ಡೆ ಕರಗದಂತೆ ನೋಡಿಕೊಳ್ಳಬೇಕು. ಬಂದವರಿಗೆಲ್ಲ ಆ ಪೆಟ್ಟಿಗೆ ತೋರಿಸಿ ಬೀಗುತ್ತಿದ್ದೆ.

ಏಪ್ರಿಲ್ ತಿಂಗಳ ಒಂದು ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಔರಾದದಿಂದ ಒಬ್ಬರು ಬಂದರು. ಹೆಸರು ನಾಮದೇವ. ಭಾಲ್ಕಿ ತಾಲೂಕಿನ ಮೆಹಕರದವರು, ಅಲ್ಲಿಯ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರು. ಕೈಯಲ್ಲಿ ಒದ್ದೆ ಬಟ್ಟೆ ಸುತ್ತಿದ ಒಂದು ಪುಟ್ಟ ಸೀಸೆ, ಜೊತೆಗೆ ಔರಾದದ ಡಾಕ್ಟರ ಚೀಟಿ. ಔರಾದಕ್ಕೆ ಮದುವೆ ಮಾಡಿಕೊಟ್ಟಿದ್ದ ಮಾಸ್ತರರ ತಂಗಿ ಸುಂದರಾಬಾಯಿಗೆ ಹಿಂದಿನ ದಿನ ಹೆರಿಗೆಯಾಗಿತ್ತು. ಹೆಣ್ಣುಮಗು ಚೆನ್ನಾಗಿತ್ತು. ತಾಯಿಗೆ ಮಾತ್ರ ರಕ್ತಸ್ರಾವ ನಿಂತಿರಲಿಲ್ಲ. ರೋಗಿಯನ್ನು ಅಲುಗಿಸುವಂತಿಲ್ಲ, ಇಂದು ಸಂಜೆಯೊಳಗೆ ಒಂದು ಬಾಟಲಿ ರಕ್ತ ಸಿಕ್ಕರೆ ಉಳಿಸಬಹುದು ಎಂದು ಡಾಕ್ಟರು ಬರೆದಿದ್ದರು. ಸೀಸೆಯಲ್ಲಿದ್ದದ್ದು ಆಕೆಯ ರಕ್ತದ ಮಾದರಿ.

"ನಂದ ತಗೋರಿ ಸಾಹೇಬ್ರ. ಒಂದ ಹೊಟ್ಟೀಲಿ ಹುಟ್ಟೀವಿ, ಹೊಂದ್ತದ," ಎಂದು ಮಾಸ್ತರು ಆಗಲೇ ಅಂಗಿಯ ತೋಳು ಮಡಚಿದ್ದರು. ಒಡಹುಟ್ಟಿದವರ ರಕ್ತ ಹೊಂದಿಯೇ ತೀರುತ್ತದೆ ಎಂದೇನೂ ಇಲ್ಲ. ಆದರೆ ಅವರ ಅದೃಷ್ಟಕ್ಕೆ, ನನ್ನ ಅದೃಷ್ಟಕ್ಕೂ ಅಂದುಕೊಂಡೆ, ಗ್ರೂಪ್ ಒಂದೇ ಇತ್ತು. ಕ್ರಾಸ್ ಮ್ಯಾಚಿಂಗ್ ಎರಡು ಸಲ ಮಾಡಿದೆ. ಒಂದೂ ಗಂಟಿಲ್ಲ. ಹನ್ನೆರಡೂವರೆಗೆ ಬಾಟಲಿ ತುಂಬಿತು.

ಔರಾದದ ನೇರ ಬಸ್ಸು ಅಷ್ಟರಲ್ಲಿ ಹೊರಟುಹೋಗಿತ್ತು. ಆಸ್ಪತ್ರೆಯ ವ್ಯಾನು ರಿಪೇರಿಗೆ ನಿಂತಿತ್ತು. ಉಳಿದದ್ದು ಒಂದೇ ದಾರಿ: ಮಧ್ಯಾಹ್ನದ ರೈಲಿನಲ್ಲಿ ಭಾಲ್ಕಿ, ಅಲ್ಲಿಂದ ಬಸ್ಸಿನಲ್ಲಿ ಔರಾದ. ನಾನೇ ಜೊತೆಗೆ ಹೊರಟೆ.

ರೈಲಿನಲ್ಲಿ ಮಾಸ್ತರು ಪೆಟ್ಟಿಗೆಯನ್ನು ಎರಡು ಕಾಲುಗಳ ನಡುವೆ ಇಟ್ಟುಕೊಂಡು, ಅದರ ಮೇಲೆ ಕೈಯಿಟ್ಟು ಕುಳಿತರು. ಅವರು ಕಲಿತದ್ದೂ ಕಲಿಸುತ್ತಿದ್ದದ್ದೂ ಮರಾಠಿಯಲ್ಲಿ. ಮನೆಯಲ್ಲಿ ಎರಡೂ ಮಾತು ಆಡುತ್ತಿದ್ದರಂತೆ, ಆದರೆ ಕನ್ನಡ ಅಕ್ಷರ ಕಲಿತದ್ದು ಈಗೀಗ. ರಾಜ್ಯ ಬದಲಾದ ಮೇಲೆ ಮಾಸ್ತರರಿಗೂ ಕನ್ನಡ ಪರೀಕ್ಷೆ ಬಂದಿತ್ತು. ಮುಚ್ಚಳದ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಮೂರೂ ಸಾಲು ಓದಿದರು.

"ಬರೋಬರಿ ಓದೀನೇನ್ರಿ?"

"ಪಾಸಾದ್ರಿ ಮಾಸ್ತರ," ಎಂದೆ.

ಅವರು ನಕ್ಕರು. ನಕ್ಕಿದ್ದಕ್ಕೆ ಮರುಕ್ಷಣವೇ ನಾಚಿದವರಂತೆ ಕಿಟಕಿಯ ಕಡೆ ಮುಖ ತಿರುಗಿಸಿದರು. ಅಂದು ಅವರು ನಕ್ಕಿದ್ದು ಅದೊಂದೇ ಸಲ.

ಭಾಲ್ಕಿಯಲ್ಲಿ ಇಳಿದಾಗ ಮೂರು ಗಂಟೆ. ಬಿಸಿಲು ಕೆಂಡ ಸುರಿದ ಹಾಗಿತ್ತು. ಮುಚ್ಚಳ ತೆಗೆದು ನೋಡಿದರೆ ಮಂಜುಗಡ್ಡೆ ಅರ್ಧಕ್ಕಿಂತ ಹೆಚ್ಚು ನೀರಾಗಿತ್ತು. ಬಸ್ಸಿನಲ್ಲಿ ಜಾಗ ಹಿಡಿಯಬೇಕು, ಪೆಟ್ಟಿಗೆ ಬಸ್ಸಿನ ನೆತ್ತಿಯ ಮೇಲೆ, ಬಿಸಿಲಿಗೆ, ಹೋಗದಂತೆ ಕಂಡಕ್ಟರನ ಕೈಕಾಲು ಹಿಡಿಯಬೇಕು. ಅದಕ್ಕೆ ನಾನು ಓಡಬೇಕಿತ್ತು. "ನೀರ ಚೆಲ್ಲಿ ಬರ್ಫ ತುಂಬಿಸ್ರಿ ಮಾಸ್ತರ. ಔರಾದ ಮುಟ್ಟೂ ತನಕ ಕರಗಬಾರದು," ಎಂದು ಹೇಳಿ ಹೋದೆ. ಹೇಳಿದ್ದು ಅಷ್ಟೇ.

ಅರ್ಧ ಗಂಟೆಯ ನಂತರ ಮಾಸ್ತರು ಬೆವರು ಸುರಿಸುತ್ತ ಪೆಟ್ಟಿಗೆ ಹೊತ್ತು ಬಂದರು. ಮುಚ್ಚಳ ಎತ್ತಿ ತೋರಿಸಿದರು. ಪುಡಿ ಮಾಡಿದ ಮಂಜುಗಡ್ಡೆ ಕಂಠದವರೆಗೆ ತುಂಬಿತ್ತು. "ಇನ್ನ ಚಿಂತಿಲ್ರಿ," ಎಂದರು. "ಶಾಭಾಸ್ ಮಾಸ್ತರ," ಎಂದು ನಾನೇ ಮುಚ್ಚಳ ಮುಚ್ಚಿ ಹಗ್ಗ ಬಿಗಿದೆ. ಬಸ್ಸು ಹೊರಟಿತು.

ಔರಾದದ ದವಾಖಾನೆ ಮುಟ್ಟಿದಾಗ ಐದೂವರೆ. ಸುಂದರಾಬಾಯಿ ಗೋಡೆಯ ಪಕ್ಕದ ಮಂಚದ ಮೇಲಿದ್ದಳು. ತುಟಿ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಕಣ್ಣು ಮಾತ್ರ ಎಚ್ಚರವಾಗಿತ್ತು.

"ಅಣ್ಣಾ, ತಂದೇನು?"

"ತಂದೀನಿ ತಂಗಿ. ತಣ್ಣಗ ಇಟ್ಟು ತಂದೀನಿ."

ನಾನು ಪಕ್ಕದ ಕೋಣೆಯಲ್ಲಿ ಪೆಟ್ಟಿಗೆ ಬಿಚ್ಚಿದೆ. ತಗಡಿನ ಮೇಲೆ ಬಿಳಿ ಹಿಮದ ಪುಡಿ ಕಟ್ಟಿತ್ತು. ಬರೀ ಮಂಜುಗಡ್ಡೆ ಇಟ್ಟಾಗ ಹಾಗೆ ಕಟ್ಟಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ತಳದ ನೀರಿಗೆ ಬೆರಳು ಅದ್ದಿದರೆ ಸುಟ್ಟ ಹಾಗಾಯಿತು. ಬೆರಳನ್ನು ನಾಲಿಗೆಗೆ ಮುಟ್ಟಿಸಿದೆ. ಉಪ್ಪು.

ಬಾಗಿಲಲ್ಲಿ ನಿಂತಿದ್ದ ಮಾಸ್ತರರನ್ನು ಕೇಳಿದೆ, "ಬರ್ಫ ಎಲ್ಲಿ ತಂದ್ರಿ?"

"ಕುಲ್ಫಿಯವನ ಹತ್ರರಿ. ಉಪ್ಪು ಹಾಕಿದ್ರ ತಂಪು ಗಟ್ಟಿ ನಿಲ್ತದಂದ. ಎರಡು ಹಿಡಿ ಜಾಸ್ತೀನ ಹಾಕ್ಸೀನ್ರಿ," ಎಂದರು. ದನಿಯಲ್ಲಿ ಒಂದು ಸಮಾಧಾನವಿತ್ತು. ತಂಗಿಗಾಗಿ ಕೈಲಾದದ್ದಕ್ಕಿಂತ ಒಂದು ತೂಕ ಹೆಚ್ಚೇ ಮಾಡಿದೆನೆಂಬ ಸಮಾಧಾನ. ನಾನು ತಲೆಯಾಡಿಸಿ ಅವರನ್ನು ತಂಗಿಯ ಹತ್ತಿರ ಕಳಿಸಿದೆ.

ಕುಲ್ಫಿಯವನು ಹೇಳಿದ್ದು ಅವನ ಕಸುಬಿಗೆ ಸರಿಯೇ. ಉಪ್ಪು ಬೆರೆತ ಮಂಜುಗಡ್ಡೆ ಸೊನ್ನೆ ಡಿಗ್ರಿಗಿಂತ ಬಹಳ ಕೆಳಗಿಳಿಯುತ್ತದೆ, ಅದರಲ್ಲೇ ಹಾಲು ಗಟ್ಟಿಯಾಗಿ ಕುಲ್ಫಿಯಾಗುವುದು. ಬೀದರಿನ ಓಣಿಯಲ್ಲಿ ಹುಟ್ಟಿ ಬೆಳೆದ ನಾನು ಮಡಕೆಯ ಸುತ್ತ ಉಪ್ಪು ಸುರಿಯುವುದನ್ನು ಬಾಯಿ ಚಪ್ಪರಿಸುತ್ತ ನೋಡಿದ್ದೆ. ಆದರೆ ರಕ್ತ ಹಾಲಲ್ಲ. ಅದು ಹಿಮಗಟ್ಟಿದರೆ ಕೆಂಪು ಕಣಗಳು ಒಡೆಯುತ್ತವೆ, ಅವುಗಳ ಬಣ್ಣ ನೀರಿಗೆ ಬಿಡುತ್ತದೆ. ಹಿಮೊಲಿಸಿಸ್ ಎನ್ನುತ್ತಾರೆ. ಅಂಥ ರಕ್ತ ಏರಿಸಿದರೆ ಮೂತ್ರಪಿಂಡ ಕಟ್ಟಿಹೋಗಿ, ಉಳಿಯಬಹುದಾದವರೂ ಉಳಿಯುವುದಿಲ್ಲ.

ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಗಾಜಿನ ಒಳಮೈಗೆ ಹೆಪ್ಪಾದ ರಕ್ತದ ತೆಳ್ಳನೆಯ ಹಿಮಪದರ ಅಂಟಿದ್ದು ಕಂಡಿತು. ಡಾಕ್ಟರು ಬಂದು ನಿಂತರು. "ಬ್ಯಾರೆ ಏನೂ ಇಲ್ಲ ನಮ್ಮ ಹತ್ರ. ಖಾತ್ರಿ ಮಾಡಿ ಹೇಳ್ರಿ," ಎಂದರು. ಸ್ವಲ್ಪ ರಕ್ತವನ್ನು ಟೆಸ್ಟ್ ಟ್ಯೂಬಿಗೆ ಬಗ್ಗಿಸಿ ನಿಲ್ಲಿಸಿದೆವು. ಕಣಗಳು ಕೆಳಗಿಳಿದು ಮೇಲೆ ಹುಲ್ಲಿನ ಬಣ್ಣದ ತಿಳಿ ನಿಂತರೆ ರಕ್ತ ಒಳ್ಳೆಯದು. ಕಾಯಬೇಕಾದದ್ದು ಹೆಚ್ಚೆಂದರೆ ಅರ್ಧ ಗಂಟೆ. ನನ್ನ ಬದುಕಿನಲ್ಲಿ ಅಷ್ಟು ಉದ್ದದ ಅರ್ಧ ಗಂಟೆ ಮತ್ತೆ ಬರಲಿಲ್ಲ. ಪಕ್ಕದ ಕೋಣೆಯಲ್ಲಿ ಮಗು ಅಳುತ್ತಿತ್ತು. ಟ್ಯೂಬಿನ ಮೇಲ್ಭಾಗದಲ್ಲಿ ತಿಳಿ ಬಂತು, ದಾಳಿಂಬೆ ರಸದಷ್ಟು ಕೆಂಪಾಗಿ.

"ಕೆಟ್ಟದ ಸರ್. ಕೊಡಬ್ಯಾಡ್ರಿ," ಎಂದೆ.

ನನ್ನದು ಓ ಗ್ರೂಪ್. ತುರ್ತಿಗೆ ಯಾರಿಗಾದರೂ ಕೊಡಬಹುದು ಎಂದು ಆಗ ತಿಳಿದಿದ್ದ ಗ್ರೂಪ್. ನನ್ನ ತೋಳು ಅಲ್ಲೇ ಇತ್ತು. ಆದರೆ ತುಂಬಿಸಲು ಒಂದು ಖಾಲಿ ಬಾಟಲಿ ಇಲ್ಲ, ಸಿಟ್ರೇಟ್ ಇಲ್ಲ, ರಕ್ತ ಇಳಿಸುವ ಕೊಳವೆ ಇಲ್ಲ. ನಾನು ತಂದದ್ದು ಒಂದೇ ಬಾಟಲಿ, ನನ್ನ ಚೆಂದದ ಪೆಟ್ಟಿಗೆಯಲ್ಲಿ ಎರಡನೆಯದಕ್ಕೆ ಜಾಗವೇ ಇರಲಿಲ್ಲ. ಡಾಕ್ಟರು ಸಲೈನ್ ಏರಿಸಿದರು, ತಮಗೆ ತಿಳಿದದ್ದನ್ನೆಲ್ಲ ಮಾಡಿದರು. ದೀಪ ಹಚ್ಚುವ ಹೊತ್ತಿಗೆ ಸುಂದರಾಬಾಯಿ ತೀರಿಕೊಂಡಳು.

ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಉಪ್ಪಿನ ಮಾತು ಮಾಸ್ತರಗ ಹೇಳಬ್ಯಾಡ್ರಿ. ಮನುಷ್ಯಾ ಉಳಿಯೂದಿಲ್ಲ," ಎಂದರು. ಮಾಸ್ತರು ನನ್ನೆದುರು ಬಂದು ನಿಂತು ಒಂದೇ ಮಾತು ಕೇಳಿದರು: "ನನ್ನ ರಕ್ತ ಹೊಂದಲಿಲ್ಲೇನ್ರಿ?"

"ಹೊಂದಿತ್ತು ಮಾಸ್ತರ. ತಡ ಆಯ್ತು," ಎಂದೆ. ಅರ್ಧ ನಿಜ ಹೇಳುವುದು ಎಷ್ಟು ಸುಲಭ ಎಂದು ಅಂದು ಗೊತ್ತಾಯಿತು. ಅವರು ಬಸ್ಸನ್ನೂ ರೈಲನ್ನೂ ಬೈದುಕೊಂಡು ಅತ್ತರು. ನಾನು ಬೈಯಲು ಬಿಟ್ಟೆ.

ಬೀದರಿಗೆ ಮರಳಿ ವರದಿ ಬರೆದೆ. ರಕ್ತ ಕೆಟ್ಟದ್ದು ಪೆಟ್ಟಿಗೆ ತುಂಬಿಸುವಾಗಿನ ದೋಷದಿಂದ, ಹೊಣೆ ನನ್ನದು ಎಂದು ಬರೆದೆ. ಆಸ್ಪತ್ರೆಯ ಸುಪರಿಂಟೆಂಡೆಂಟರು ಓದಿ ಫೈಲಿಗೆ ಸೇರಿಸಿದರು. ಬೈದಿದ್ದರೆ ಹಗುರಾಗುತ್ತಿದ್ದೆನೋ ಏನೋ. ಪೆಟ್ಟಿಗೆಯನ್ನು ದೊಡ್ಡದು ಮಾಡಿಸಿದೆ. ಸಿಟ್ರೇಟ್ ಹಾಕಿಟ್ಟ ಇನ್ನೊಂದು ಬಾಟಲಿ, ಕೊಳವೆ, ಗ್ರೂಪ್ ನೋಡುವ ಸೀರಮ್ಮುಗಳ ಸೀಸೆ ಯಾವಾಗಲೂ ಜೊತೆಗೆ ಹೋಗುವ ಹಾಗೆ ಮಾಡಿದೆ. ಮುಚ್ಚಳದ ಮೇಲೆ ನಾಲ್ಕನೆಯ ಸಾಲು ಬರೆದೆ, ಉಳಿದವುಗಳಿಗಿಂತ ದಪ್ಪ ಅಕ್ಷರದಲ್ಲಿ: ಮಂಜುಗಡ್ಡೆಗೆ ಉಪ್ಪು ಬೆರೆಸಬಾರದು, ಬೆರೆಸಿದರೆ ರಕ್ತ ಕೆಡುತ್ತದೆ. ಇನ್ನು ಯಾರಿಗೂ ಹೀಗಾಗದು ಎಂದು ಆ ರಾತ್ರಿ ನಿದ್ದೆ ಮಾಡಿದೆ. ಆ ಸಾಲನ್ನು ಯಾರು ಯಾರು ಓದಬಹುದು ಎಂದು ಮಾತ್ರ ಯೋಚಿಸಲಿಲ್ಲ.

ಮಳೆಗಾಲದಲ್ಲಿ ನಾಮದೇವ ಮಾಸ್ತರು ಮತ್ತೆ ಬಂದರು. ಅವರ ಶಾಲೆಯ ಹೆಡ್ ಮಾಸ್ತರರಿಗೆ ಭಾಲ್ಕಿಯಲ್ಲಿ ಹೊಟ್ಟೆಯ ಆಪರೇಷನ್ ಇತ್ತು, ರಕ್ತ ಬೇಕಿತ್ತು. ಕೇಳುವ ಮೊದಲೇ ತಾವು ಕೊಡುತ್ತೇನೆಂದು ಹೊರಟು ಬಂದಿದ್ದರು. ತಂಗಿಯ ಕೂಸು ಈಗ ಬೋರಲಾಗುತ್ತದೆ, ಮೆಹಕರದಲ್ಲಿ ತಮ್ಮ ಹೆಂಡತಿಯೇ ಸಾಕುತ್ತಿದ್ದಾಳೆ ಎಂದರು. ಕನ್ನಡ ಪರೀಕ್ಷೆ ಪಾಸಾಯಿತು ಎಂದೂ ಹೇಳಿದರು.

ನಾನು ಸ್ಲೈಡ್ ಜೋಡಿಸುತ್ತ ಬೆನ್ನು ತಿರುಗಿಸಿದ್ದೆ. ಹಿಂದಿನಿಂದ ಓದುವ ದನಿ ಕೇಳಿಸಿತು. ಈಗ ಅಕ್ಷರ ಕೂಡಿಸುತ್ತಿರಲಿಲ್ಲ, ಸಲೀಸಾಗಿ ಓದುತ್ತಿದ್ದರು. ಒಂದನೆಯ ಸಾಲು. ಎರಡನೆಯದು. ಮೂರನೆಯದು. ನಾಲ್ಕನೆಯ ಸಾಲಿನ ನಡುವೆ ದನಿ ನಿಂತಿತು.

ತಿರುಗಿ ನೋಡಿದೆ. ಬೆರಳು ಮುಚ್ಚಳದ ಮೇಲೇ ಇತ್ತು.

"ಈ ಸಾಲ ಆವಾಗ ಇರ್ಲಿಲ್ಲಲ್ರಿ," ಎಂದರು.

"ಇರ್ಲಿಲ್ಲ ಮಾಸ್ತರ. ಬರೀಬೇಕಾಗಿತ್ತು. ತಪ್ಪು ನಂದು."

ಅವರು ಮುಚ್ಚಳದ ಮೇಲಿನ ಬೆರಳನ್ನು ಹಿಂದಕ್ಕೆಳೆದುಕೊಂಡರು. ಹೊರಗೆ ಮಳೆ ಹನಿಯುತ್ತಿತ್ತು. ಹೊರಟುಹೋಗುತ್ತಾರೆ ಅಂದುಕೊಂಡೆ, ಹೋಗಲಿ ಎಂದೂ ಅನ್ನಿಸಿತು. ಹೋಗಲಿಲ್ಲ. ಬೆಂಚಿನ ಮೇಲೆ ಒರಗಿ ತೋಳು ಚಾಚಿದರು. ಅದೇ ತೋಳು, ಹಳೆಯ ಸೂಜಿಯ ಚುಕ್ಕೆ ಇನ್ನೂ ಮಾಸಿರಲಿಲ್ಲ. ಬಾಟಲಿ ತುಂಬುವ ತನಕ ಚಾವಣಿ ನೋಡುತ್ತಿದ್ದರು. ಕಣ್ಣಂಚಿನಿಂದ ನೀರು ಕಿವಿಯ ಕಡೆ ಇಳಿಯುತ್ತಿತ್ತು. ಒರೆಸಿಕೊಳ್ಳಲು ಇನ್ನೊಂದು ಕೈ ಎತ್ತಲಿಲ್ಲ. ಸೂಜಿ ತೆಗೆದು ಹತ್ತಿ ಒತ್ತಿದಾಗ ಹೇಳಿದರು:

"ಇದನ್ನ ನೀವ ಒಯ್ರಿ ಸಾಹೇಬ್ರ. ಪೆಟ್ಟಿಗಿ ನಾ ಮುಟ್ಟೂದಿಲ್ಲ."

ಒಯ್ದೆ. ಹೆಡ್ ಮಾಸ್ತರರು ಬದುಕಿದರು. ನಾಮದೇವ ಮಾಸ್ತರರನ್ನು ನಾನು ಮತ್ತೆ ನೋಡಲಿಲ್ಲ.

ಮುಂದೆ ಮೂವತ್ತು ವರ್ಷ ಇದೇ ಕೆಲಸ ಮಾಡಿದೆ, ಎಷ್ಟೋ ಹುಡುಗ ಹುಡುಗಿಯರಿಗೆ ಕಲಿಸಿದೆ. ಹೀಗೆ ಮಾಡಿ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳಬೇಡಿ, ಏಕೆ ಎಂದೂ ಹೇಳಿ, ಏಕೆಂದರೆ ನಿಮ್ಮ ಮಾತನ್ನು ಅತಿ ನಿಷ್ಠೆಯಿಂದ ಪಾಲಿಸುವವನೇ ಅದರಿಂದ ಕೆಡಬಹುದು ಎಂದು ಅವರಿಗೆಲ್ಲ ಹೇಳುತ್ತಿದ್ದೆ. ಅದು ಈ ಕೆಲಸದ ಪಾಠ. ಇನ್ನೊಂದನ್ನು ಯಾರಿಗೂ ಹೇಳಿರಲಿಲ್ಲ, ಈಗ ಬರೆಯುತ್ತಿದ್ದೇನೆ. ಔರಾದದ ಆ ಸಂಜೆ ಮಾಸ್ತರರ ಪಕ್ಕದಲ್ಲಿ ಕುಳಿತು, ಕೈ ಹಿಡಿದು, ಉಪ್ಪಿನ ಮಾತನ್ನೂ ನನ್ನ ತಪ್ಪನ್ನೂ ನಾನೇ ಬಾಯಿಬಿಟ್ಟು ಹೇಳಬೇಕಿತ್ತು. ಅವರು ಅದನ್ನು ಒಬ್ಬರೇ ನಿಂತು, ನನ್ನ ದುಂಡು ಅಕ್ಷರಗಳಲ್ಲಿ ಓದಿಕೊಂಡರು.