ಉತ್ತರ ಕೊಟ್ಟ ಮನೆ

ಶ್ರೀರಂಗಪಟ್ಟಣದ ನೋಂದಣಿ ಕಚೇರಿಯ ಹೊರಗೆ, ಹುಣಸೆಮರದ ನೆರಳಿನಲ್ಲಿ, ಆಗ ಇಬ್ಬರು ಪತ್ರ ಬರಹಗಾರರು ಕೂರುತ್ತಿದ್ದರು. ಮನೆ ಕೊಳ್ಳುವವರ ಕ್ರಯಪತ್ರ, ಸಾಲಕ್ಕೆ ಮನೆಯನ್ನು ಒತ್ತೆಯಿಡುವವರ ಅಡಮಾನಪತ್ರ, ಎಲ್ಲ ಅವರ ಕೈಯಿಂದಲೇ ಆಗಬೇಕು. ಒಬ್ಬನದು ಮುತ್ತು ಪೋಣಿಸಿದಂಥ ಅಕ್ಷರ. ಇನ್ನೊಬ್ಬರು ಮುದುಕರು, ಅವರದು ಕೋಳಿ ಕೆರೆದಂಥ ಅಕ್ಷರ. ನಾನು ಮಕ್ಕಳ ಕಾಪಿ ತಿದ್ದುವ ಮೇಷ್ಟ್ರು. ಅಕ್ಷರ ದುಂಡಗಿದ್ದರೆ ಮನುಷ್ಯನೂ ನೆಟ್ಟಗಿರುತ್ತಾನೆ ಎಂದು ನಂಬಿದ್ದ ಪೆದ್ದ. ಯಾರಲ್ಲಿ ಬರೆಸಲಿ ಎಂದು ಕೇಳಿಕೊಂಡು ಬಂದವರನ್ನೆಲ್ಲ ಮುತ್ತಿನ ಅಕ್ಷರದವನ ಕಡೆಗೇ ಕಳಿಸುತ್ತಿದ್ದೆ. ಅವರಲ್ಲಿ ಎಷ್ಟು ಮಂದಿಗೆ ಏನಾಯಿತೋ ಎಂದು ನೆನೆದರೆ ಈಗಲೂ ಎದೆ ಧಸಕ್ಕೆನ್ನುತ್ತದೆ.

ನನ್ನ ಅಕ್ಕ ಬಿಂಡಿಗನವಿಲೆಯಲ್ಲಿ ಗಂಡ ಸತ್ತ ಮೇಲೆ ಏಳು ವರ್ಷ ಮೈದುನನ ಮನೆಯ ಸಗಣಿ ಬಾಚಿ, ಸಾಕಾಗಿ, ತನ್ನ ಪಾಲಿಗೆ ಬಂದ ಕುರಿಗಳನ್ನೂ ಕಾಸಿನ ಸರವನ್ನೂ ಮಾರಿ ನನ್ನ ಹತ್ತಿರ ಬಂದುಬಿಟ್ಟಳು. ನನ್ನ ಮನೆಯಲ್ಲೇ ಇರು ಎಂದರೆ ಒಪ್ಪಲಿಲ್ಲ. ಇನ್ನು ಯಾರ ಹೊಸ್ತಿಲನ್ನೂ ಕಾಯುವುದಿಲ್ಲ, ತನ್ನದೇ ಒಂದು ಬಾಗಿಲು ಬೇಕು ಎಂದಳು. ಕೋಟೆಯೊಳಗೆ ಒಂದು ಮನೆ ಅಗ್ಗಕ್ಕಿತ್ತು. ಅದರ ಒಡೆಯರಾದ ಅಣ್ಣತಮ್ಮಂದಿರು ಪ್ಲೇಗಿನ ವರ್ಷದಲ್ಲಿ ಊರು ಬಿಟ್ಟು ಹೊಸಹೊಳಲಿನಲ್ಲಿ ಅಂಗಡಿ ಇಟ್ಟಿದ್ದರು. ನಾಲ್ಕು ವರ್ಷದಿಂದ ಮನೆಗೆ ಬೀಗ. ಅಕ್ಕನ ಗಂಟಿಗೆ ಕಡಿಮೆ ಬಿದ್ದದ್ದನ್ನು ಹಿರೋಡೆಯ ಸಾಹುಕಾರರೊಬ್ಬರು ಅದೇ ಮನೆಯ ಅಡಮಾನದ ಮೇಲೆ ಕೊಡಲು ಒಪ್ಪಿದರು. ಪಾಂಡವಪುರವನ್ನು ಆಗ ನಾವು ಹಿರೋಡೆ ಎನ್ನುತ್ತಿದ್ದೆವು.

ಮುತ್ತಿನ ಅಕ್ಷರದವನು ಆಗಲೇ ಕರಡು ಬರೆದುಕೊಟ್ಟಿದ್ದ. ‘ನಮ್ಮ ಹಿರಿಯಣ್ಣನೂ ಆತನ ಹೆಂಡತಿಯೂ ಗತಿಸಿರುವುದರಿಂದ’ ಎಂಬ ಸಾಲಿನಲ್ಲಿ ‘ಗ’ ಅಕ್ಷರದ ಬಾಗು ಎಷ್ಟು ಚೆನ್ನಾಗಿತ್ತೆಂದರೆ, ನಾನು ಅದನ್ನು ಶಾಲೆಯ ಹುಡುಗರಿಗೂ ತೋರಿಸಿದ್ದೆ. ಆದರೆ ಸಾಹುಕಾರರು, ಪತ್ರ ಮುದುಕರ ಕೈಯಲ್ಲೇ ಆಗಬೇಕೆಂದು ಹಟ ಹಿಡಿದರು. ಕೋಳಿ ಕೆರೆದದ್ದಕ್ಕೂ ಕೂಲಿ ಕೊಡಬೇಕಲ್ಲ ಎಂದು ಗೊಣಗುತ್ತ ಅವರ ಹತ್ತಿರ ಹೋದೆ. ಅವರು ಕರಡನ್ನು ಓದಿ ಮಡಚಿ ನನ್ನ ಕೈಗಿತ್ತು, ಮೊದಲು ಮನೆಯನ್ನು ಕೂಗಬೇಕು ಎಂದರು. ಪತ್ರ ಬರೆಯುವ ಮುಂಚೆ ಆ ಮನೆಯ ಹೊಸ್ತಿಲಲ್ಲಿ ನಿಂತು ಮೂರು ಸಲ ಕೂಗುವುದು ಅವರ ಪದ್ಧತಿಯಂತೆ. ಹಕ್ಕಿರುವವರು ಯಾರಾದರೂ ಇದ್ದರೆ ಕೂಗು ಕೇಳಿ ಹೊರಗೆ ಬರುತ್ತಾರೆ, ಅಕ್ಕಪಕ್ಕದವರಾದರೂ ಬಂದು ಹೇಳುತ್ತಾರೆ. ನನಗೆ ನಗು ಬಂತು.

ಭಾನುವಾರ ನಡುಮಧ್ಯಾಹ್ನ ಮುದುಕರು, ಅಕ್ಕ, ನಾನು ಮೂವರೂ ಹೋದೆವು. ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಬೀಗ ತುಕ್ಕು ಹಿಡಿದು ಚಿಲಕಕ್ಕೇ ಅಂಟಿಕೊಂಡಿತ್ತು. ಆ ಮನೆಯಲ್ಲಿ ಯಾರೂ ಇಲ್ಲ ಎಂದು ಪಕ್ಕದ ಮನೆಯ ಹೆಂಗಸು ಹೇಳಿದಳು. ಹೇಳುವಾಗ ನಮ್ಮ ಮುಖ ನೋಡಲಿಲ್ಲ.

"ಮನೇಲಿ ಯಾರವ್ರೆ?" ಎಂದು ಮುದುಕರು ಕೂಗಿದರು. ಮತ್ತೆ ಕೂಗಿದರು. ಮೂರನೆಯ ಸಲ ಕೂಗಿದಾಗ ಬೀಗ ಹಾಕಿದ ಮನೆಯ ಒಳಗಿನಿಂದ, ತೀರಾ ಹಿಂದಿನಿಂದ, ಉತ್ತರ ಬಂತು.

"ಇವ್ನಿ."

ಇದ್ದೇನೆ ಎಂದಿತು ಆ ಹೆಣ್ಣುದನಿ. ಅಕ್ಕ ನನ್ನ ತೋಳು ಹಿಡಿದಳು. ಎದುರುಮನೆಯ ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು. ಯಾರವ್ವ ಅದು ಎಂದು ಮುದುಕರು ಮತ್ತೆ ಕೇಳಿದರು. ಅವರು ಬೆವರು ಒರೆಸಿಕೊಂಡು ಸಂದಿಯಲ್ಲಿ ಹಿತ್ತಲ ಕಡೆ ನಡೆದರು, ನಾವು ಅವರ ಬೆನ್ನಿಗೆ ಅಂಟಿಕೊಂಡು ಹೋದೆವು.

ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಾಳೆಲೆ ಮುಚ್ಚಿದ ಒಂದು ತಣಿಗೆ. ಒಳಗೆ ಮುದ್ದೆ, ಸೊಪ್ಪಿನ ಸಾರು. ಮುದ್ದೆ ಇನ್ನೂ ಬಿಸಿಯಿತ್ತು. ಇದೇನು ಎಂದು ಗೋಡೆಯಾಚೆಯಿಂದ ನೋಡುತ್ತಿದ್ದ ಪಕ್ಕದ ಮನೆಯವಳನ್ನು ಕೇಳಿದರೆ, ಸತ್ತವರಿಗೆ ಇಟ್ಟ ಎಡೆ ಎಂದಳು. ನಾಲ್ಕು ವರ್ಷದಿಂದ ಒಂದು ದಿನವೂ ತಪ್ಪಿಸಿಲ್ಲವಂತೆ. ಸಂಜೆ ಬಂದು ನೋಡಿದರೆ ತಣಿಗೆ ತೊಳೆದು ಬೋರಲು ಹಾಕಿರುತ್ತದಂತೆ.

"ಸತ್ತೋರು ತಣ್ಗೆ ತೊಳ್ದು ಬೋರ್ಲಾಕ್ತಾರಾ?" ಎಂದಳು ಅಕ್ಕ. ಅಲ್ಲಿಯತನಕ ನನ್ನ ತೋಳು ಹಿಡಿದಿದ್ದವಳು ಬಿಟ್ಟು ಹೋಗಿ ಹಿತ್ತಲ ಬಾಗಿಲನ್ನು ನೂಕಿದಳು.

ಹಿಂದಿನ ಕೋಣೆಯ ಮೂಲೆಯಲ್ಲಿ ಒಬ್ಬ ಹೆಂಗಸು ಮುಖಕ್ಕೆ ಸೆರಗು ಮುಚ್ಚಿಕೊಂಡು ಕೂತಿದ್ದಳು. ಗತಿಸಿದಳೆಂದು ಕರಡಿನಲ್ಲಿ ಬರೆದಿದ್ದ ಹಿರಿಯಣ್ಣನ ಹೆಂಡತಿ ಅವಳೇ. ಪ್ಲೇಗಿನ ವರ್ಷ ಗಂಡ ಸತ್ತ ಮೇಲೆ, ಊರಾಚೆಯ ಗುಡಿಸಲಲ್ಲಿ ಜ್ವರದಿಂದ ಎಚ್ಚರ ತಪ್ಪಿದವಳನ್ನು ಯಾರೋ ಬೇರೆ ಕಡೆಗೆ ಸಾಗಿಸಿದ್ದರು. ಹೆಣ ಸಿಕ್ಕಲಿಲ್ಲವೆಂದು ಈಗ ಮನೆ ಮಾರಲು ಹೊರಟಿದ್ದ ಅವಳ ಮೈದುನರು ಹುಲ್ಲಿನ ಬೊಂಬೆ ಸುಟ್ಟು ತಿಥಿ ಮುಗಿಸಿದರು. ಮೂರು ತಿಂಗಳಾದ ಮೇಲೆ ಅವಳು ನಡೆದುಕೊಂಡು ಬಂದಳು. ತಿಥಿಯಾದವರನ್ನು ಒಳಗೆ ಸೇರಿಸಿದರೆ ವಂಶ ಉಳಿಯುವುದಿಲ್ಲ ಎಂದರು ಹಿರಿಯರು. ಮೈದುನರು ಅವಳನ್ನು ಆಚೆಗೆ ನೂಕಲಿಲ್ಲ, ಮನೆಯನ್ನೇ ಬಿಟ್ಟು ಹೋದರು. ಬೀದಿಯವರು ಕೆಟ್ಟವರಲ್ಲ, ಅನ್ನಕ್ಕೆ ತಪ್ಪಿಸಲಿಲ್ಲ. ಆದರೆ ಯಾರೂ ಮಾತಾಡಿಸಲಿಲ್ಲ, ಹೆಸರು ಹಿಡಿದು ಕರೆಯಲಿಲ್ಲ.

"ತಿಥಿ ಆಗೋಗದೆ. ಸತ್ತೇ ಹೋಗಿರ್ಬೇಕು ಅಂತ ನಾನೂ ಅನ್ಕಂಡ್ಬುಟ್ಟಿದ್ದೆ ಕಣಪ್ಪ," ಎಂದಳು. "ಈವತ್ತು ಬಾಗ್ಲಲ್ಲಿ ಕೂಗುದ್ರಲ್ಲ, ತಡ್ಕಣಕ್ಕಾಗ್ನಿಲ್ಲ."

ಆ ಮಾತಿಗೆ ನನಗೆ ಮೊದಲಿನ ಉತ್ತರಕ್ಕಿಂತ ಹೆಚ್ಚು ಭಯವಾಯಿತು.

ಮುದುಕರು ಒಗೆಯುವ ಕಲ್ಲಿನ ಮೇಲೆ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಗಂಡನ ಮನೆಯಲ್ಲಿ ಕೊನೆತನಕ ಇರುವ ಹಕ್ಕು ಈಕೆಗಿದೆ. ಹಾಗೆಂದು ಬರೆದರೆ ಸಾಹುಕಾರರು ಸಾಲ ಕೊಡದೆ ಹೋಗಬಹುದು, ಮನೆ ಅಕ್ಕನ ಕೈತಪ್ಪಬಹುದು. ಸತ್ತಿದ್ದಾಳೆ ಎಂದು ಬರೆಯಲು ತಮ್ಮ ಕೈ ಬರುವುದಿಲ್ಲ. ಯೋಚನೆ ಮಾಡಿ ಎಂದು ಹೇಳಿ ಮುಖ ಆಚೆ ತಿರುಗಿಸಿದರು.

ಈಗ ಮುಚ್ಚಿಟ್ಟು ಏನು? ನನ್ನ ಕೈ ಅಂಗಿಯ ಜೇಬಿನಲ್ಲಿದ್ದ ಕರಡಿನ ಮೇಲೆ ಹೋಯಿತು. ಈ ಮುದುಕರನ್ನು ಬಿಟ್ಟರೆ ಮುತ್ತಿನ ಅಕ್ಷರದವನಿದ್ದಾನೆ, ಬೇರೆ ಸಾಹುಕಾರನನ್ನೂ ಅವನೇ ಹುಡುಕಿಕೊಡುತ್ತಾನೆ, ನಾಳೆಯೇ ಮುಗಿಯುತ್ತದೆ ಎಂದು ಅಕ್ಕನ ಕಿವಿಯಲ್ಲಿ ಹೇಳಿಯೂಬಿಟ್ಟೆ. ಆ ನಾಚಿಕೆ ಇನ್ನೂ ಹೋಗಿಲ್ಲ.

ಅಕ್ಕ ಆ ಹೆಂಗಸಿನ ಕಡೆ ತಿರುಗಿ ನೋಡಿ, ನನ್ನ ಕೈಯನ್ನು ಜೇಬಿನಿಂದ ಎಳೆದಳು. "ಬಿಂಡಿಗನವಿಲೇಲಿ ನನ್ ತಿಥಿ ಒಂದ್ ಮಾಡಿರ್ನಿಲ್ಲ ಕಣ್ಲಾ, ಅಷ್ಟೇ. ಇವ್ಳುನ್ನೂ ಸೇರ್ಸಿ ಬರ್ಸು."

ಮುದುಕರೇ ಹಿರೋಡೆಗೆ ಹೋಗಿ ಸಾಹುಕಾರರಿಗೆ ಎಲ್ಲವನ್ನೂ ಹೇಳಿದರು. ಅವರು ಸಾಲ ಕೊಟ್ಟರು, ಒಪ್ಪಿದ್ದಕ್ಕಿಂತ ಕಡಿಮೆ. ಅವಳ ಮೈದುನರು ಕೋರ್ಟು ಕಚೇರಿಗೆ ಅಲೆಯುವ ಹೆದರಿಕೆಗೆ ಬೆಲೆ ಇಳಿಸಿದರು. ಆ ಹಿತ್ತಲಲ್ಲೇ ಕೂತು, ಹಿಂದಿನ ಕೋಣೆ ಕೊನೆತನಕ ಅವಳದು ಎಂದು ಪತ್ರ ಬರೆಯುವಾಗ ಮುದುಕರು ಆ ಹೆಂಗಸಿನ ಹೆಸರು ಕೇಳಿದರು. ಅವಳಿಗೆ ತಕ್ಷಣ ನೆನಪಾಗಲಿಲ್ಲ. ತುಟಿ ಅಲ್ಲಾಡಿಸಿ ಅಲ್ಲಾಡಿಸಿ ಕೊನೆಗೆ ಹೇಳಿದಳು, ಸರಿಯೋ ತಪ್ಪೋ ಎಂದು ನಮ್ಮನ್ನೇ ಕೇಳುವ ಹಾಗೆ. ಗೋಡೆಯಾಚೆ ಪಕ್ಕದ ಮನೆಯವಳು ಅಳುವುದು ಕೇಳಿಸಿತು. ನೋಂದಣಿ ದಿನ ಹೆಬ್ಬೆಟ್ಟು ಒತ್ತಿಸಿಕೊಳ್ಳುವಾಗ ಕಚೇರಿಯ ಜವಾನ ಬಗ್ಗಿ ಅವಳ ಪಾದ ಹಿಂದುಮುಂದಾಗಿದೆಯೇ ಎಂದು ನೋಡಿದ. ಅಂದಿನಿಂದ ಮನೆ ಕೊಳ್ಳುವವರು ಯಾರು ಕೇಳಿದರೂ ನನ್ನದು ಒಂದೇ ಮಾತು: ಅಕ್ಷರ ನೋಡಬೇಡಿ, ಬಾಗಿಲಲ್ಲಿ ನಿಂತು ಕೂಗುತ್ತಾನೆಯೇ ನೋಡಿ.

ಅಕ್ಕನೂ ಆ ಹೆಂಗಸೂ ಆ ಮನೆಯಲ್ಲಿ ಆರು ವರ್ಷ ಒಟ್ಟಿಗಿದ್ದರು. ನಾನು ಹೋದಾಗಲೆಲ್ಲ ತಮಾಷೆಗೆ "ಮನೇಲಿ ಯಾರವ್ರೆ?" ಎನ್ನುತ್ತಿದ್ದೆ, ಎರಡು ಕಡೆಯಿಂದ "ಇವ್ನಿ" ಎಂದು ಕೇಳಿಸುತ್ತಿತ್ತು. ಅವಳು ನಿಜವಾಗಿ ತೀರಿಕೊಂಡಾಗ ಪುರೋಹಿತರು, ಒಬ್ಬರಿಗೆ ಎರಡು ತಿಥಿ ಶಾಸ್ತ್ರದಲ್ಲಿಲ್ಲ ಎಂದುಬಿಟ್ಟರು. ಮಣ್ಣು ಮಾಡಿ ಬಂದೆವು.

ಅದಾಗಿ ಒಂದು ತಿಂಗಳಿರಬೇಕು. ಮಧ್ಯಾಹ್ನ ಹೋದವನು ಅಭ್ಯಾಸಬಲದಿಂದ ಬಾಗಿಲಲ್ಲಿ ಕೂಗಿದೆ. ಹಿಂದಿನ ಕೋಣೆಯಿಂದ "ಇವ್ನಿ" ಎಂದು ಕೇಳಿಸಿತು. ಅಕ್ಕ ಅಲ್ಲಿದ್ದಾಳೆ ಎಂದುಕೊಂಡು ಒಳಗೆ ಕಾಲಿಟ್ಟೆ. ಅಷ್ಟರಲ್ಲಿ ಅಕ್ಕ ನನ್ನ ಬೆನ್ನ ಹಿಂದೆ, ಬೀದಿಯಿಂದ, ಸೊಂಟದ ಮೇಲೆ ನೀರಿನ ಕೊಡ ಹೊತ್ತು ಬಂದಳು. ನನ್ನ ಮುಖ ನೋಡಿ ಅವಳಿಗೆ ಗೊತ್ತಾಯಿತು. ಕೊಡ ಇಳಿಸಿ, ಸೆರಗಿನಿಂದ ಕೈ ಒರೆಸಿಕೊಂಡಳು.

"ಇರ್ಲಿ ಬುಡ್ಲಾ," ಎಂದಳು. "ಆ ಕ್ವಾಣೆ ಅವ್ಳ್ದೇ. ಬರ್ಸಿದ್ದೀವಲ್ಲ."